ದನಿಗಳ್ಳಿಯ ಬಾಲ್ಯ

ನಮ್ಮ ಮನೆಯಲ್ಲಿ ಏಳು ಕೌದಿಗಳಿವೆ. ಹೊದೆಯಲು ಒಂದೂ ಸಿಗುವುದಿಲ್ಲ. ಏಳೂ ಹಿಂದಿನ ಕೋಣೆಯ ಗೋಡೆಗಳ ಮೇಲೆ ಮೊಳೆಗಳಿಗೆ ನೇತುಬಿದ್ದಿವೆ. ರಾಯಚೂರಿನಲ್ಲಿ ಕೌದಿ ಹೊದೆಯುವಂಥ ಚಳಿ ವರ್ಷಕ್ಕೆ ನಾಲ್ಕು ದಿನ ಬಿದ್ದರೆ ಹೆಚ್ಚು, ಹಾಗಾಗಿ ನಮಗೇನೂ ತೊಂದರೆಯಿಲ್ಲ. ಆದರೆ ಮನೆಗೆ ಬಂದ ನೆಂಟರು ಆ ಕೋಣೆಯನ್ನು ಇಣುಕಿ ನೋಡಿ ಸುಮ್ಮನೆ ಹೋಗುವುದಿಲ್ಲ.

"ಯಾಕ್ರೀ ಸರೋಜಕ್ಕ, ನಿಮ್ಮ ಮನಿಯಾಗ ಗ್ವಾಡಿಗೂ ಥಂಡಿ ಆಗತದೇನ್ರೀ?" ಎಂದು ಕೇಳಿಯೇ ಹೋಗುತ್ತಾರೆ.

ಅದು ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆ. ಈಗ ನಮ್ಮ ಧ್ವನಿನಾಟಕದ ರೆಕಾರ್ಡಿಂಗ್ ಕೋಣೆ. ಬೀದಿಯ ಸದ್ದು ಒಳಗೆ ಬರಬಾರದು, ಒಳಗಿನ ಮಾತು ಗೋಡೆಗೆ ಬಡಿದು ಮೊಳಗಬಾರದು ಎಂದು ಕೌದಿಗಳು. ರೆಕಾರ್ಡ್ ಮಾಡುವಾಗ ಫ್ಯಾನು ಬಂದ್, ಕಿಟಕಿ ಬಂದ್. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಫ್ಯಾನ್ ಬಂದ್ ಮಾಡಿಕೊಂಡು, ಹಿಮದ ಗ್ರಹದ ಮೇಲೆ ನಡುಗುತ್ತಿರುವವಳಂತೆ ಮಾತಾಡುವುದು ಎಂಥ ಕಷ್ಟ ಎಂದು ನೀವು ಊಹಿಸಿಕೊಳ್ಳಿ. ಬೆವರು ಮೂಗಿನ ತುದಿಯಿಂದ ಕಾಗದದ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ಬಾಯಲ್ಲಿ "ಅಯ್ಯೋ, ಹೆಪ್ಪುಗಟ್ಟುತ್ತಿದ್ದೇನೆ!" ಎಂಬ ಸಂಭಾಷಣೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಐವತ್ತು ದಾಟಿದ ಮೇಲೆ ಹೀಗೊಂದು ಹುಚ್ಚು ಹತ್ತಿಸಿದವನು ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕ ಇರ್ಫಾನ್. "ಟೀಚರ್ರ, ನೀವು ಪಾಠ ಹೇಳೂದು ಕೇಳಿದ್ರ ಕಥಿ ಕೇಳಿದಂಗ ಆಗತದ. ಒಂದು ಕಥಿ ಬರೀರಿ, ಮೊಬೈಲ್‌ನಾಗ ಕೇಳೋ ಹಂಗ ನಾ ಮಾಡ್ತೀನಿ" ಅಂದ. ಹೊಗಳಿಕೆಗೆ ಸೋಲದ ಶಿಕ್ಷಕಿಯನ್ನು ನಾನಿನ್ನೂ ಕಂಡಿಲ್ಲ. ಬರೆದೆ. ಒಂದು ನೌಕೆ, ಅದರಲ್ಲಿ ಐದು ಜನ, ಗ್ರಹದಿಂದ ಗ್ರಹಕ್ಕೆ ತಿರುಗಾಟ. ಅವರನ್ನು ಅಟ್ಟಿಸಿಕೊಂಡು ಬರುವ ಒಬ್ಬ ದುಷ್ಟ ರಾಣಿ, ತಮಸಿ. ಈ ತಮಸಿ ಬಂಗಾರ ಕದಿಯುವುದಿಲ್ಲ, ನೆಲ ಕದಿಯುವುದಿಲ್ಲ. ಜನರ ದನಿ ಕದಿಯುತ್ತಾಳೆ. ಅವಳು ಇಳಿದ ಊರಿನಲ್ಲಿ ಮಾತು, ಹಾಡು, ಅಳು ಯಾವುದೂ ಉಳಿಯುವುದಿಲ್ಲ. ಎಲ್ಲವನ್ನೂ ಶಂಖಗಳಲ್ಲಿ ತುಂಬಿಸಿಕೊಂಡು ಹೋಗಿ ತನ್ನ ಅರಮನೆಯಲ್ಲಿ ಸಾಲಾಗಿ ಇಡುತ್ತಾಳೆ.

ನೌಕೆಯ ಎಂಜಿನ್ನಿನ ಸದ್ದನ್ನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ರೆಕಾರ್ಡ್ ಮಾಡಿಕೊಂಡೆವು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ ಮಾಲೀಕರು ಎಲ್ಲ ಕೇಳಿಸಿಕೊಂಡು, "ಅಲ್ರೀ, ನಮ್ಮ ಮಿಷಿನ್ನು ಹಿಂಗ ಆಕಾಶಕ್ಕ ಹಾರತದ ಅಂತ ಗೊತ್ತಿದ್ರ ನಾ ಇಲ್ಲೇ ಯಾಕ ಕುಂದರತಿದ್ದೆ" ಎಂದು ನಕ್ಕು ಮಜ್ಜಿಗೆ ತರಿಸಿದರು. ದೈತ್ಯನ ಹೆಜ್ಜೆಗೆ ರೊಟ್ಟಿ ಬಡಿಯುವ ಸದ್ದು. ಅಂತರಿಕ್ಷದ ಬಾಗಿಲಿಗೆ ನಮ್ಮತ್ತೆಯ ಕಾಲದ ಕಬ್ಬಿಣದ ಅಲಮಾರಿ. ನೌಕೆಯ ನಾಯಕ ನಮ್ಮ ಮನೆಯವರು. ತಹಸೀಲ್ ಕಚೇರಿಯಲ್ಲಿ ಮೂವತ್ತು ವರ್ಷ ಕೂತವರು, "ಶತ್ರುಗಳೇ, ಶರಣಾಗಿ!" ಎಂಬುದನ್ನೂ ಪಹಣಿ ತಿದ್ದುಪಡಿಯ ನೋಟಿಸು ಓದುವ ಹಾಗೇ ಓದುತ್ತಾರೆ. ಕೇಳುವವರಿಗೆ ಅದೇ ಹಿಡಿಸಿತು.

ಎಲ್ಲರಿಗಿಂತ ಹೆಚ್ಚು ಹಿಡಿಸಿದವಳು ಮಾತ್ರ ತಮಸಿ. ಕೇಳುಗರು ನಮ್ಮ ಫೋನಿಗೆ ದನಿಯಲ್ಲೇ ಸಂದೇಶ ಕಳಿಸುತ್ತಿದ್ದರು. ಮಟಮಾರಿಯ ಒಬ್ಬ ಅಜ್ಜಿ ಕೇಳಿದಳು: "ಆ ರಾಣಿ ಯಾಕ ಹಂಗ ಆದಳು? ಹೊಟ್ಟಿಯೊಳಗಿಂದ ಕೆಟ್ಟಾಕಿ ಆಗೇ ಹುಟ್ಟಿರತಾಳೇನು? ಆಕಿಗೂ ಒಬ್ಬಾಕಿ ಅವ್ವ ಇದ್ದಿರಬೇಕಲ್ಲ." ಇರ್ಫಾನ್ ಕುಣಿದಾಡಿಬಿಟ್ಟ. "ಟೀಚರ್ರ, ತಮಸಿ ಸಣ್ಣಾಕಿದ್ದಾಗಿನ ಕಥಿ ಬರೀರಿ. ಮೂರು ಭಾಗ ಮಾಡೂಣು."

ಅವತ್ತು ಮಧ್ಯಾಹ್ನ ಊಟ ಮಾಡಿ ಬರೆಯಲು ಕೂತವಳು ಸಂಜೆಯ ಚಹದ ಹೊತ್ತಿಗೆ ಮೂರೂ ಭಾಗ ಮುಗಿಸಿ ಎದ್ದೆ. ಅಷ್ಟು ಸರಾಗವಾಗಿ ನಾನು ಎಂದೂ ಬರೆದವಳಲ್ಲ. ನನಗೆ ಪ್ರತಿಭೆಯೇ ಬಂದುಬಿಟ್ಟಿದೆ ಎಂದುಕೊಂಡೆ. ಬಂದದ್ದು ಪ್ರತಿಭೆಯಲ್ಲ, ನೆನಪು. ಅದೂ ನನ್ನ ಬಾಲ್ಯದ ನೆನಪಾದರೆ ಚಿಂತೆಯಿರಲಿಲ್ಲ. ನಾನು ತಮಸಿಗೆ ಕೊಟ್ಟದ್ದು ಹುಲಿಗೆಮ್ಮನ ಬಾಲ್ಯ.

ಹುಲಿಗೆಮ್ಮ ದೇವದುರ್ಗದಲ್ಲಿ ಏಳನೆಯ ತರಗತಿಯವರೆಗೆ ನನ್ನ ಪಕ್ಕದಲ್ಲಿ ಕೂತವಳು. ಅವಳ ಅವ್ವ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಹತ್ತಿ ಬಿಡಿಸುವುದು, ಶೇಂಗಾ ಕೀಳುವುದು. ನನ್ನಪ್ಪ ಆಸ್ಪತ್ರೆಯ ಕಂಪೌಂಡರು. ಮಧ್ಯಾಹ್ನ ನನ್ನ ಡಬ್ಬಿಯ ಅನ್ನ ಅವಳಿಗೆ, ಅವಳ ಅರಿವೆಗಂಟಿನ ಸಜ್ಜೆ ರೊಟ್ಟಿ, ಅಗಸಿ ಚಟ್ನಿ ನನಗೆ. ಚಟ್ನಿಯ ಎಣ್ಣೆ ಪಾಟಿಯ ಮೇಲೆ ಬಿದ್ದು, ಅವತ್ತು ಬರೆದ ಲೆಕ್ಕಗಳೆಲ್ಲ ಘಮಘಮ ಎನ್ನುತ್ತಿದ್ದವು.

ಅವಳ ದನಿಯ ಬಗ್ಗೆ ಹೇಗೆ ಹೇಳಲಿ. ಬೆಳಗಿನ ಪ್ರಾರ್ಥನೆಗೆ ಅವಳು ಮುಂದೆ ನಿಂತು ಎತ್ತಿಕೊಂಡರೆ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವರು ಒಂದು ಕಾಲು ನೆಲಕ್ಕೆ ಊರಿ ನಿಲ್ಲುತ್ತಿದ್ದರು. ಹಾಡಬೇಕೆಂದು ಅವಳು ಶ್ರಮ ಪಡುತ್ತಿರಲಿಲ್ಲ. ಬಾಯಿ ತೆರೆದರೆ ಸಾಕು, ಅದು ಬರುತ್ತಿತ್ತು. ನನಗೂ ಹಾಗೆ ಹಾಡುವ ಆಸೆ. ನನ್ನ ದನಿ ತಗಡು ಎಳೆದ ಹಾಗೆ. ಅಪ್ಪನ ಡಬ್ಬಿಯಿಂದ ಜ್ಯೇಷ್ಠಮಧು ಕದ್ದು ಒಂದು ತಿಂಗಳು ಅಗಿದೆ. ಹೊಟ್ಟೆ ಕೆಟ್ಟಿತೇ ಹೊರತು ದನಿ ಸುಧಾರಿಸಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ಚನ್ನಬಸಪ್ಪ ಮಾಸ್ತರು. ಒಳ್ಳೆಯವರು, ಬೆತ್ತವನ್ನು ನಕಾಶೆ ತೋರಿಸಲು ಮಾತ್ರ ಬಳಸುತ್ತಿದ್ದರು. ಅವರು ತಮ್ಮ ಸ್ವಂತ ಟೇಪ್ ರೆಕಾರ್ಡರನ್ನು ಶನಿವಾರ ಶಾಲೆಗೆ ತಂದು ನಮ್ಮ ಹಾಡು, ಪದ್ಯ ಎಲ್ಲ ತುಂಬಿಸಿ ನಮಗೇ ಕೇಳಿಸುತ್ತಿದ್ದರು. ಆ ವರ್ಷ ರಾಯಚೂರಿನಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ಇತ್ತು. ಶಾಲೆಯಿಂದ ಹುಲಿಗೆಮ್ಮ ಎಂದು ಮಾಸ್ತರು ಆರಿಸಿದರು. ಅವಳಿಗೆ ಕಲಿಸಲು ಒಂದು ಸೋಮವಾರ ಮನೆಯಿಂದ ಒಂದು ಕ್ಯಾಸೆಟ್ ತಂದರು. ಅದರಲ್ಲಿ ಇದ್ದದ್ದು ಅವರ ತಾಯಿಯ ದನಿ. ಆ ಮುದುಕಿ ತೀರಿಕೊಳ್ಳುವ ಕೆಲವೇ ದಿನ ಮೊದಲು ಹಾಡಿಸಿ ತುಂಬಿಸಿಕೊಂಡಿದ್ದ ಬೀಸುವ ಪದಗಳು. ಇನ್ನೊಂದು ಪ್ರತಿ ಇರಲಿಲ್ಲ.

"ಊಟದ ಬಿಡುವಿನಾಗ ಇದನ್ನ ಕೇಳಿ ಕಲಿ" ಎಂದು ಅವಳಿಗೆ ಹೇಳಿ, ಯಾವ ಗುಂಡಿ ಒತ್ತಿದರೆ ಹಾಡುತ್ತದೆ, ಯಾವುದು ಒತ್ತಿದರೆ ಹಿಂದಕ್ಕೆ ತಿರುಗುತ್ತದೆ ಎಂದು ತೋರಿಸಿ, ಯಂತ್ರವನ್ನು ತಮ್ಮ ಕೋಣೆಯ ಮೇಜಿನ ಮೇಲೆ ಇಟ್ಟುಹೋದರು.

ಹುಲಿಗೆಮ್ಮ ಕೈ ತೊಳೆಯಲು ಬೋರಿಂಗಿಗೆ ಹೋದಾಗ ನಾನು ಆ ಕೋಣೆಗೆ ಹೊಕ್ಕೆ. ಯಂತ್ರ ಹಾಳು ಮಾಡಬೇಕೆಂದಲ್ಲ, ಇದನ್ನು ನಂಬಿ. ನನ್ನ ದನಿಯೂ ಯಂತ್ರದೊಳಗೆ ಹೋಗಿ ಹೊರಬಂದರೆ ಚೆಂದ ಕೇಳಿಸಬಹುದೋ ಏನೋ ಎಂಬ ಆಸೆ. ಕೆಂಪು ಗುಂಡಿ, ಅದರ ಪಕ್ಕದ ಕರಿ ಗುಂಡಿ, ಎರಡನ್ನೂ ಕೂಡಿ ಒತ್ತಿದೆ. ಚಕ್ರ ತಿರುಗತೊಡಗಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ವರಾಂಡದಲ್ಲಿ ಯಾರದೋ ಚಪ್ಪಲಿಯ ಸದ್ದು. ಹಿಂದಿನ ಬಾಗಿಲಿಂದ ಓಡಿದೆ. ಚಕ್ರ ತಿರುಗುತ್ತಲೇ ಇತ್ತು.

ಬೋರಿಂಗಿನ ಬಳಿ ಅವತ್ತು ಮಕ್ಕಳ ಸಾಲಿತ್ತು. ಹುಲಿಗೆಮ್ಮ ಕೈ ತೊಳೆದು, ನನ್ನನ್ನು ಹುಡುಕಿ, ಕಾಣದೆ, ಒಬ್ಬಳೇ ರೊಟ್ಟಿ ತಿಂದು ಒಳಗೆ ಹೋಗುವ ಹೊತ್ತಿಗೆ ಕ್ಯಾಸೆಟ್ಟಿನ ಹಾಡಿದ್ದ ಮಗ್ಗುಲು ಪೂರ್ತಿ ತಿರುಗಿ ತಾನಾಗಿ ನಿಂತಿತ್ತು. ಅವಳು ಅದನ್ನು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಮಾಸ್ತರು ಯಂತ್ರವನ್ನು ತರಗತಿಗೇ ತರಿಸಿದರು. "ಎಲ್ಲಾರೂ ಕೇಳ್ರಿ, ನಮ್ಮವ್ವನ ಹಾಡು" ಎಂದು ಗುಂಡಿ ಒತ್ತಿದರು. ಕಾಗೆ ಕೂಗಿತು. ಬೋರಿಂಗಿನ ಹಿಡಿಕೆ ಕಿರ್ ಎಂದಿತು. ಮಕ್ಕಳ ಗಲಾಟೆ, ಎಲ್ಲೋ ಒಂದು ಮೇಕೆ. ಹಾಡು ಬರಲಿಲ್ಲ. ಮಾಸ್ತರು ನಿಂತೇ ಇದ್ದರು. ಈಗ ಬಂದೀತು, ಈಗ ಬಂದೀತು ಎಂದು ಆ ಮಗ್ಗುಲನ್ನು ಕೊನೆಯವರೆಗೂ ಕೇಳಿದರು. ನಾವೂ ಕೇಳಿದೆವು.

"ಇದನ್ನ ಯಾರಾರ ಮುಟ್ಟೀರೇನು?" ಅಂದರು.

ನಾನು ಎರಡನೆಯ ಬೆಂಚಿನಲ್ಲಿದ್ದೆ. ಹುಲಿಗೆಮ್ಮ ಎದ್ದು ನಿಂತಳು. "ನಾ ಹಿಂದಕ್ಕ ತಿರುಗಿಸೀನ್ರೀ ಸರ. ಇನ್ನೊಂದೇನೂ ಮಾಡಿಲ್ರೀ."

ಮಾಸ್ತರು ಹೊಡೆಯಲಿಲ್ಲ. ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡು, ಅವಳ ಕಡೆ ನೋಡದೆಯೇ ಹೇಳಿದರು: "ನಿನ್ನ ದನಿ ಇನ್ನೊಮ್ಮಿ ನನ್ನ ಕಿವಿಗೆ ಬೀಳಬಾರದು."

ಮರುದಿನ ಪ್ರಾರ್ಥನೆಗೆ ಮುಂದೆ ನಿಂತವಳು ನಾನು. ಸ್ಪರ್ಧೆಗೂ ನಾನೇ ಹೋದೆ. ಭಾಗವಹಿಸಿದವರಿಗೆಲ್ಲ ಕೊಡುವ ಒಂದು ಸ್ಟೀಲಿನ ತಟ್ಟೆ ಹಿಡಿದು ಬಂದೆ. ಹುಲಿಗೆಮ್ಮ ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಬಾಯಿ ಬಿಡದೆ ಕೈ ಎತ್ತುತ್ತಿದ್ದಳು. ಹತ್ತಿ ಬಿಡಿಸುವ ಕಾಲ ಬಂದಾಗ ಅವ್ವನ ಜೊತೆ ಹೋದವಳು ಮತ್ತೆ ಶಾಲೆಗೆ ಬರಲಿಲ್ಲ. ಮಾನ್ವಿ ಹತ್ತಿರದ ಬಾಗಲವಾಡದ ಕಡೆ ಮದುವೆ ಮಾಡಿಕೊಟ್ಟರು ಎಂದು ಮುಂದೆ ಯಾವಾಗಲೋ ಕೇಳಿದೆ.

ಇದಿಷ್ಟನ್ನೂ ನಾನು ತಮಸಿಯ ಬಾಲ್ಯವೆಂದು ಬರೆದೆ. ದೂರದ ಒಂದು ಗ್ರಹ. ಅಲ್ಲಿ ತೀರಿಹೋದ ಹಿರಿಯರ ದನಿಯನ್ನು ಶಂಖಗಳಲ್ಲಿ ತುಂಬಿಡುತ್ತಾರೆ. ಚೆಂದ ಹಾಡುವ ಒಬ್ಬ ಕೂಲಿಯವಳ ಮಗಳ ಕೈಗೆ ಗುರು ತನ್ನ ತಾಯಿಯ ಶಂಖ ಕೊಡುತ್ತಾನೆ. ಶಂಖ ಬರಿದಾಗುತ್ತದೆ. ಇನ್ನು ನೀನು ಬಾಯಿ ತೆರೆಯಕೂಡದು ಎಂದು ಗುರು ಹೇಳುತ್ತಾನೆ. ಆ ಹುಡುಗಿ ಬೆಳೆದು ಲೋಕದ ದನಿಯನ್ನೆಲ್ಲ ಕಿತ್ತುಕೊಳ್ಳಲು ಹೊರಡುತ್ತಾಳೆ. ಎಲ್ಲವೂ ಇತ್ತು, ಒಂದು ವಾಕ್ಯದ ಹೊರತು. ಆ ಜಾಗದಲ್ಲಿ ನಾನು ಬರೆದದ್ದು: "ಹುಡುಗಿ ಏನೂ ಮಾಡಿರಲಿಲ್ಲ. ಶಂಖ ಹೇಗೆ ಬರಿದಾಯಿತೋ ಯಾರಿಗೂ ತಿಳಿಯಲಿಲ್ಲ."

ಇರ್ಫಾನ್ ಓದಿ ತಲೆ ಕೆರೆದುಕೊಂಡ. "ಟೀಚರ್ರ, ಖಾಲಿ ಮಾಡಿದವರು ಯಾರ್ರೀ? ಮಂದಿ ಕೇಳ್ತಾರ."

"ಎಲ್ಲಾ ಬಿಚ್ಚಿ ಹೇಳಿದರ ಕಥಿ ಹೆಂಗಾಗತದ? ಸ್ವಲ್ಪ ಗುಟ್ಟು ಇರಬೇಕು" ಎಂದು ದೊಡ್ಡ ಸಾಹಿತಿಯ ಹಾಗೆ ಹೇಳಿದೆ. ಅವನು ಪಾಪ ನಂಬಿದ.

ಮೂರನೆಯ ಭಾಗ ಹೊರಬಿಟ್ಟ ವಾರ ನಾನು ಶಿಕ್ಷಕರ ಕೋಣೆಯಲ್ಲಿ ಚಹ ಕುಡಿಯುತ್ತ ಕೂತಿದ್ದೆ. ಇರ್ಫಾನ್ ಓಡಿ ಬಂದು, "ಟೀಚರ್ರ, ಇದನ್ನ ಕೇಳ್ರಿ, ನಿಮ್ಮ ಕಥಿ ಕೇಳಿ ಒಬ್ಬಾಕಿ ಅತ್ತಾಳ!" ಎಂದು ಫೋನು ಮುಂದೆ ಹಿಡಿದ. ಹೆಣ್ಣುಮಗಳ ದನಿ:

"ನಮಸ್ಕಾರ್ರೀ. ನಾ ಮಾನ್ವಿಯಿಂದ ಲಕ್ಷ್ಮಿ ಮಾತಾಡಾಕತ್ತೀನಿ. ಇಲ್ಲಿ ಬಸ್ ಸ್ಟ್ಯಾಂಡ್ ಹತ್ರ ನಮ್ಮದು ಖಾನಾವಳಿ ಅದರಿ. ರೊಟ್ಟಿ ಬಡಿಯುವಾಗ ನಿಮ್ಮ ಕಥಿ ಹಚ್ಚಿರತೀನಿ. ನಮ್ಮವ್ವ ಎಂದೂ ಮನಸ್ಸಿಟ್ಟು ಕೇಳಿದಾಕಿ ಅಲ್ಲ. ಈ ಸಲ ಆ ಶಂಖ ಖಾಲಿ ಆಗೂದು ಬಂತಲ್ರೀ, ಅದನ್ನ ಕೇಳಿ ಹಿಟ್ಟಿನ ಕೈಲೇ ಅಳಾಕ ಕುಂತಳ್ರೀ. ಮೂರು ಸಲ ಹಚ್ಚಿಸ್ಯಾಳ. ಬರದವರು ಯಾರು ಕೇಳು ಅಂತಾಳ. ನಮ್ಮವ್ವನ ಹೆಸರು ಹುಲಿಗೆಮ್ಮ ಅಂತರೀ. ದೇವದುರ್ಗದಾಕಿ."

ಚಹ ಸೀರೆಯ ಮೇಲೆ ಚೆಲ್ಲಿತು. ಇರ್ಫಾನ್ ಅದನ್ನು ಸಂತೋಷ ಎಂದುಕೊಂಡ.

ಆ ಭಾನುವಾರ ಮಾನ್ವಿಯ ಬಸ್ ಹತ್ತಿದೆ. ಕಿಟಕಿಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು. ದಾರಿಯುದ್ದಕ್ಕೂ ನನ್ನ ವಾದವನ್ನು ನಾನೇ ಮಂಡಿಸುತ್ತ ಹೋದೆ. ಆಗ ಸಣ್ಣವಳಿದ್ದೆ. ಬೇಕೆಂದು ಮಾಡಿದ್ದಲ್ಲ. ಮೂವತ್ತೆಂಟು ವರ್ಷ ಆಯಿತು. ಈ ವಾದಗಳಿಗೆ ಅಡ್ಡ ಬರುವಂಥದ್ದು ಇನ್ನೊಂದು ಇತ್ತು, ಅದನ್ನು ನಿಮಗೂ ಇನ್ನೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ದೇವದುರ್ಗದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಚನ್ನಬಸಪ್ಪ ಮಾಸ್ತರಿಗೆ ಶಾಲು ಹೊದಿಸಿದೆವು. ಮಾಸ್ತರು ತೀರ ಹಣ್ಣಾಗಿದ್ದರು. ಮಾತಾಡಲು ಎದ್ದವರು ಮೈಕ್ ಹಿಡಿದು ಹೇಳಿದರು: "ನಾ ಒಂದು ಕೂಸಿನ ಬಾಯಿ ಮುಚ್ಚಿಸೀನಿ. ಒಂದು ಕ್ಯಾಸೆಟ್ಟಿನ ಸಲುವಾಗಿ. ಹೋದ ದನಿ ಹೋಗಿತ್ತು, ಇದ್ದ ದನೀನೂ ಕಳಕೊಂಡೆ. ಹುಲಿಗೆಮ್ಮ ಅಂತ. ಆಕಿ ಎಲ್ಲಿ ಅದಾಳ, ನಿಮ್ಮೊಳಗ ಯಾರಿಗಾರ ಗೊತ್ತದೇನು?"

ನಾನು ಮೊದಲ ಸಾಲಿನಲ್ಲಿದ್ದೆ. ಶಾಲು ತಂದವಳೇ ನಾನು. ಬಾಗಲವಾಡ ಎಂಬ ಒಂದು ಶಬ್ದ ಹೇಳಬಹುದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮುಂದಿನ ಬೇಸಿಗೆಗೆ ಮಾಸ್ತರು ಹೋಗಿಬಿಟ್ಟರು. ಅಂದು ನಾನು ಸಣ್ಣವಳಿರಲಿಲ್ಲ.

ಖಾನಾವಳಿ ಚಿಕ್ಕದು, ಚೊಕ್ಕಟವಾಗಿತ್ತು. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಲಕ್ಷ್ಮಿಗೆ ನನ್ನ ಪರಿಚಯ ಹೇಳಿದ್ದೇ ತಡ, "ಯವ್ವಾ, ತಮಸಿ ಬರದ ಟೀಚರ್ ಬಂದಾರ, ಹೊರಗ ಬಾ!" ಎಂದು ಕೂಗಿದಳು. ಒಳಗಿಂದ ಬಂದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು. ಕೂದಲು ನೆರೆತಿತ್ತು. ಕಣ್ಣು ಅದೇ.

"ಬರ್ರಿ ಟೀಚರ್ರ, ಕುಂದರ್ರಿ" ಅಂದವಳು, ನಾನು ಕೂರುತ್ತಲೇ ತಟಕ್ಕನೆ ಬಾಗಿದಳು. "ಲೇ, ಸರೋಜಿ ಅಲ್ಲೇನು ನೀ? ಕಂಪೌಂಡರ ಮಗಳು?"

"ಹೌದವಾ."

"ಅಯ್ಯ ನನ್ನವ್ವ!" ಹಿಟ್ಟಿನ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದಳು. "ಅದಕ್ಕ ನೋಡು! ಅಲ್ಲಿ ಇರದವರಿಗೆ ಹೆಂಗ ಗೊತ್ತಾಗಬೇಕು ಅಂತಿದ್ದೆ. ಲಕ್ಷ್ಮಿ, ಈಕಿ ನನ್ನ ಬಾಜೂಕ ಕುಂದರತಿದ್ಳು. ನನ್ನ ಚಟ್ನಿ ಎಲ್ಲಾ ಈಕೀನ ತಿಂದು ಖಾಲಿ ಮಾಡ್ಯಾಳ."

"ನಿನ್ನ ಕೇಳಲಾರದ ಬರದೆ ಹುಲಿಗಿ. ಅದೂ ಒಬ್ಬ ದುಷ್ಟ ಹೆಂಗಸಿನ ಕಥಿಯೊಳಗ."

"ದುಷ್ಟಾಕಿ ಆದ್ರೇನಾತು, ರಾಣಿ ಅದಾಳಲ್ಲ. ಖಾನಾವಳಿಗಿಂತ ಚಲೋನ ಆತು ಬಿಡು" ಎಂದು ನಕ್ಕಳು. ನಗು ನಿಲ್ಲಿಸಿ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. "ನಾ ಯಾಕ ಅತ್ತೆ ಗೊತ್ತದೇನು? 'ಹುಡುಗಿ ಏನೂ ಮಾಡಿರಲಿಲ್ಲ' ಅಂತ ಬಂತಲ್ಲ ಅದರಾಗ. ಅಲ್ಲಿಗೆ ಅಳು ಬಂತು. ಇಷ್ಟು ವರ್ಷ ನಾ ಏನಂದ್ಕೊಂಡೀನಿ, ನಾನ ಅಳಿಸೀನಿ ಅಂತ. ಹಿಂದಕ್ಕ ತಿರುಗಿಸೂ ಗುಂಡಿ ಒತ್ತೂದು ಬಿಟ್ಟು ಬ್ಯಾರೆ ಯಾವುದೋ ಒತ್ತೀನಿ. ತೀರಿಹೋದಾಕೀನ ನಾ ಎರಡನೇ ಸಲ ಕೊಂದೀನಿ ಅಂತ. ಇವತ್ತಿಗೂ ನಾ ಒಂದು ಮಿಷಿನ್ ಮುಟ್ಟಾಂಗಿಲ್ಲ. ಮಿಕ್ಸರ್ ಲಕ್ಷ್ಮೀನ ಹಚ್ಚಬೇಕು, ಫೋನ್ ಲಕ್ಷ್ಮೀನ ಹಿಡೀಬೇಕು. ನಿನ್ನ ಕಥಿ ಕೇಳಿದಾಗ ಅನಿಸ್ತು, ಏನೋ, ನಾನೂ ಮಾಡಿಲ್ಲೇನೋ ಅಂತ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾದಗಳಲ್ಲಿ ಒಂದೂ ಇದಕ್ಕೆ ಹೊಂದುವಂಥದ್ದಲ್ಲ. ಅವಳಿಗೆ ನನ್ನ ಮೇಲೆ ಅನುಮಾನ ಇದ್ದೀತು, ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದೆಲ್ಲ ಊಹಿಸಿದ್ದೆ. ಅವಳು ತನ್ನನ್ನೇ ಬೈದುಕೊಳ್ಳುತ್ತ ಬದುಕಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಮೌನವನ್ನು ಮೂರು ಭಾಗ ಬರೆದವಳು ನಾನು. ಅದರ ಒಳಗೆ ಏನಿತ್ತೆಂದು ಗೊತ್ತಿರಲಿಲ್ಲ.

"ನೀ ಮಾಡಿಲ್ಲ ಹುಲಿಗಿ. ನಾ ಮಾಡೀನಿ."

ಹೇಳಿದೆ. ಕೆಂಪು ಗುಂಡಿ, ಕರಿ ಗುಂಡಿ, ಚಪ್ಪಲಿ ಸದ್ದು, ಹಿಂದಿನ ಬಾಗಿಲು, ಎರಡನೆಯ ಬೆಂಚು. ಒಂದನ್ನೂ ಬಿಡಲಿಲ್ಲ. ಲಕ್ಷ್ಮಿ ಒಲೆಯ ಬಳಿ ನಿಂತು ಕೇಳುತ್ತಿದ್ದಳು. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ಯಾರೂ ತಿರುವಿ ಹಾಕಲಿಲ್ಲ.

ಹುಲಿಗೆಮ್ಮ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು. ಅಂಟಿದ ಹಿಟ್ಟು ಉಜ್ಜಿ ಉದುರಿಸುತ್ತ, "ಮಾಸ್ತರ ಇದ್ದಾರೇನು?" ಎಂದು ಕೇಳಿದಳು.

"ಇಲ್ಲ. ತೀರಿಹೋದ್ರು."

"ನನ್ನ ನೆನಪು ತಗೀತಿದ್ರೇನು?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಆ ಸಭೆಯ ಮಾತನ್ನೂ ಹೇಳಿದೆ. ಮೈಕ್ ಹಿಡಿದು ಅವರು ಕೇಳಿದ್ದು, ನಾನು ಚಪ್ಪಾಳೆ ತಟ್ಟಿದ್ದು.

ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು. ಕ್ಯಾಸೆಟ್ಟಿನ ಮಾತಿಗೆ ಅಳದವಳು ಇದಕ್ಕೆ ಅತ್ತಳು. "ನನ್ನ ಕೇಳಿದ್ರು" ಅಂದಳು. "ಎಲ್ಲಿ ಅದಾಳ ಅಂತ ಕೇಳಿದ್ರು. ನಾ ಇಲ್ಲೇ ಇದ್ದೆ. ಒಂದು ಬಸ್ಸಿನ ಹಾದಿ ಇತ್ತು." ಅದನ್ನೇ ಎರಡು ಸಲ ಹೇಳಿದಳು. ಆಮೇಲೆ ಮುಖ ಒರೆಸಿಕೊಂಡು ಎದ್ದಳು. ಊಟಕ್ಕೆ ಜನ ಬರತೊಡಗಿದ್ದರು.

"ಊಟ ಮಾಡಿ ಹೋಗ್ರಿ ಟೀಚರ್ರ" ಅಂದಳು.

ಬಂದಾಗ 'ಲೇ ಸರೋಜಿ' ಆಗಿದ್ದವಳು ಮತ್ತೆ ಟೀಚರ್ ಆಗಿದ್ದೆ. ಲಕ್ಷ್ಮಿ ಊಟ ಬಡಿಸಿದಳು, ನನ್ನ ಮುಖ ನೋಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ. ತಟ್ಟೆ ಖಾಲಿ ಮಾಡಿ ಎದ್ದೆ.

ರಾಯಚೂರಿಗೆ ಬಂದು ನಾಲ್ಕನೆಯ ಭಾಗ ಬರೆದೆ. ಈ ಸಲ ಸರಾಗವಾಗಿ ಬರಲಿಲ್ಲ. ಎರಡು ವಾರ ಹಿಡಿಯಿತು. ಮುದುಕಿಯಾದ ಗೆಳತಿಯೊಬ್ಬಳು ತಮಸಿಯ ಅರಮನೆಗೆ ಬಂದು, ಶಂಖ ಬರಿದು ಮಾಡಿದವಳು ನಾನು ಎಂದು ಹೇಳುತ್ತಾಳೆ. ಗೆಳತಿಯ ಪಾತ್ರ ನಾನೇ ಮಾಡಿದೆ. ಇರ್ಫಾನ್‌ಗೆ, ಮನೆಯವರಿಗೆ ಅಷ್ಟೊತ್ತಿಗೆ ಎಲ್ಲ ಹೇಳಿದ್ದೆ. ಆ ಸಂಭಾಷಣೆ ನನ್ನಿಂದ ಒಂದೇ ಸಲಕ್ಕೆ ಆಗಲಿಲ್ಲ. ಎಷ್ಟು ಸಲ ತಪ್ಪಿದರೂ ಇರ್ಫಾನ್ "ಇನ್ನೊಮ್ಮಿ ಹೋಗೂಣ್ರೀ" ಅನ್ನುತ್ತಿದ್ದ. ಮನೆಯವರು ನೀರು ತಂದು ಇಟ್ಟು ಹೋದರು. ಕೊನೆಗೆ ರಾಣಿ ಶಂಖಗಳನ್ನೆಲ್ಲ ಒಡೆದು ಜನರ ದನಿ ಜನರಿಗೆ ಬಿಟ್ಟುಕೊಡುತ್ತಾಳೆ. ಗೆಳತಿಯ ಕೈ ಹಿಡಿದು "ನಿನ್ನನ್ನು ಕ್ಷಮಿಸಿದ್ದೇನೆ" ಎನ್ನುತ್ತಾಳೆ. ಇರ್ಫಾನ್ ಅದರ ಕೆಳಗೆ ಕೊಳಲು ಹಾಕಿದ. ಚೆನ್ನಾಗಿ ಬಂದಿತ್ತು.

ಈ ಸಲ ಕೇಳದೆ ಹೊರಬಿಡುವುದು ಬೇಡ ಎಂದು ಮೊದಲು ಮಾನ್ವಿಗೆ ಒಯ್ದೆ. ಮಧ್ಯಾಹ್ನದ ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಮೂವರೂ ಕೂತೆವು. ಲಕ್ಷ್ಮಿ ಫೋನನ್ನು ಬೆಂಚಿನ ಮೇಲಿಟ್ಟಳು. ಹುಲಿಗೆಮ್ಮ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು. ಕೊಳಲು ನಿಂತಿತು.

"ಚಲೋ ಮಾಡೀರಿ" ಅಂದಳು. "ಹೇಳಬೇಕಾದದ್ದು ಹೇಳೀರಿ. ಎಲ್ಲಾರೂ ಕೇಳಲಿ, ಬಿಡ್ರಿ ಹೊರಗ. ಒಂದು ಮಾತು ಮಾತ್ರ ತಗೀರಿ."

"ಯಾವುದು?"

"ಮಾಫ್ ಮಾಡೀನಿ ಅಂತ ರಾಣಿ ಬಾಯಾಗ ಹಾಕೀರಲ್ಲ, ಅದು. ಅದನ್ನ ಆಕಿ ಹೇಳಿಲ್ಲ. ನೀವು ಹೇಳೀರಿ."

ನಾನು ಚೀಲದಿಂದ ಪೆನ್ನು ತೆಗೆದೆ. "ಮತ್ತ ಅಲ್ಲಿ ಏನು ಬರೀಲಿ?"

ಹುಲಿಗೆಮ್ಮ ಕೊಡದಿಂದ ನೀರು ಬಗ್ಗಿಸಿ ಕೈ ತೊಳೆದಳು. ಸಂಜೆಯ ರೊಟ್ಟಿಗೆ ಹಿಟ್ಟು ನಾದುವ ಹೊತ್ತಾಗಿತ್ತು. ಅಗಲವಾದ ಪರಾತ ಎಳೆದುಕೊಂಡು ಕೂತು, ಹಿಟ್ಟಿನ ನಡುವೆ ಗುಂಡಿ ಮಾಡಿ ಬಿಸಿನೀರು ಹುಯ್ಯುತ್ತ ಹೇಳಿದಳು:

"ಇನ್ನಾ ವಿಚಾರ ಮಾಡಾಕತ್ತಾಳ ಅಂತ ಬರೀರಿ."

ಹಾಗೇ ಬರೆದು, ಹಾಗೇ ಮತ್ತೆ ರೆಕಾರ್ಡ್ ಮಾಡಿ ಬಿಟ್ಟೆವು. ಕೊಳಲು ತೆಗೆಸಿದೆ. ಈಗ ವಾರ ವಾರ ಸಂದೇಶಗಳು ಬರುತ್ತಿವೆ. ಗೆಳತಿಗೆ ಜನ ಬೈಯುವ ಬೈಗಳು ತಮಸಿಗೂ ಬಿದ್ದಿರಲಿಲ್ಲ. ಒಂದನ್ನೂ ಬಿಡದೆ ಕೇಳಿಸಿಕೊಳ್ಳುತ್ತೇನೆ. ಮಟಮಾರಿಯ ಅಜ್ಜಿ ಮಾತ್ರ ಬೈದಿಲ್ಲ. "ರಾಣಿ ಕಡೀಕೆ ಏನಂದ್ಳವಾ?" ಎಂದು ಕೇಳಿ ಕಳಿಸಿದ್ದಾಳೆ. ಎಲ್ಲರಿಗೂ ಉತ್ತರ ಕೊಡುವವನು ಇರ್ಫಾನ್. ಇದಕ್ಕೆ ಏನು ಹೇಳಲಿ ಎಂದು ನನ್ನನ್ನು ಕೇಳಿದ.

ನನಗಿನ್ನೂ ಗೊತ್ತಿಲ್ಲ ಎಂದು ಹೇಳಲು ಹೇಳಿದೆ.